ಕೊರಳಿನ ರಕ್ತನಾಳಕ್ಕೆ ಸಣ್ಣ ಗಾಯ : ಗುರುತಿಸುವ ಬಗೆ, ಚಿಕಿತ್ಸೆ ಮತ್ತು ದಾಖಲೆ



ಹೊಲ, ಗದ್ದೆ, ತೋಟಗಳಲ್ಲಿ ದುಡಿಯುವ ಕುಟುಂಬಗಳಿಗೆ ಗಾಯವೆಂಬುದು ಹೊಸದಲ್ಲ. ಕೈಗೆ ಕುಡುಗೋಲು ತಗುಲುವುದು, ಕಾಲಿಗೆ ಗುದ್ದಲಿ ಬೀಳುವುದು ವರ್ಷದಲ್ಲಿ ಒಂದೆರಡು ಬಾರಿಯಾದರೂ ನಡೆಯುವ ಸಂಗತಿ. ಅಂತಹ ಗಾಯಗಳನ್ನು ನೀವು ಮನೆಯಲ್ಲಿಯೇ ತೊಳೆದು, ಬಟ್ಟೆ ಕಟ್ಟಿ, ಮರುದಿನ ಕೆಲಸಕ್ಕೆ ಹೊರಡುತ್ತೀರಿ. ಆದರೆ ಗಾಯವು ಕೊರಳಿಗೆ ಆದಾಗ ಅದೇ ರೀತಿ ನಡೆದುಕೊಳ್ಳಲಾಗದು. ಕೊರಳಿನ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಆಸ್ಪತ್ರೆ ತಲುಪುವ ಮೊದಲಿನ ಹತ್ತು ನಿಮಿಷಗಳಲ್ಲಿ ಪತಿ ಪತ್ನಿಗೆ, ಪತ್ನಿ ಪತಿಗೆ ಏನು ಮಾಡುತ್ತಾರೆ ಎಂಬುದರ ಮೇಲೆ ಒಂದು ಜೀವದ ಅಳಿವು ಉಳಿವು ನಿಂತಿರಬಹುದು. ಆದುದರಿಂದ ಈ ವಿಷಯವನ್ನು ಇಬ್ಬರೂ ಕೂಡಿ ಓದಿ ತಿಳಿಯಬೇಕೆಂದು ಕೋರುತ್ತೇನೆ.

ಒಂದು ಪ್ರಸಂಗ

ನಾನು ಕೆಲಸ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ರಾಗಿ ಕೊಯ್ಲಿನ ದಿನಗಳಲ್ಲಿ ನಡೆದ ಸಂಗತಿ ಇದು. ಹೆಣ್ಣುಮಗಳೊಬ್ಬಳು ಸಂಜೆ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದಳು. ಕೈ ಖಾಲಿ ಇರಲೆಂದು ಕುಡುಗೋಲನ್ನು ಹೊರೆಯೊಳಗೇ ಸಿಕ್ಕಿಸಿದ್ದಳು. ಕಾಲು ಜಾರಿ ಹೊರೆ ಪಕ್ಕಕ್ಕೆ ವಾಲಿತು. ಕುಡುಗೋಲಿನ ಮೊನೆ ಕೊರಳಿನ ಎಡಭಾಗವನ್ನು ಸೀಳಿತು. ಹಿಂದೆ ಬರುತ್ತಿದ್ದ ಗಂಡ ಗಾಬರಿಯಿಂದ ಅವಳನ್ನು ಎತ್ತಿ ಕೂರಿಸಿದನು. ನೆರೆಯವರೊಬ್ಬರು ಕಾಫಿಪುಡಿ ತರಲು ಓಡಿದರು. ಇನ್ನೊಬ್ಬರು ಟವೆಲನ್ನು ಕೊರಳಿನ ಸುತ್ತ ಬಿಗಿಯಲು ಮುಂದಾದರು. ಅಷ್ಟರಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಬಂದು ಇವೆಲ್ಲವನ್ನೂ ತಡೆದರು. ಗಾಯಾಳುವನ್ನು ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದರು. ವಾಹನ ನಮ್ಮ ಕೇಂದ್ರ ತಲುಪುವವರೆಗೂ ಆ ಕೈಯನ್ನು ಅವರು ತೆಗೆಯಲಿಲ್ಲ.

ಆ ತಾಯಿ ಬದುಕಿದಳು. ಮೂರನೆಯ ದಿನ ಮನೆಗೆ ಮರಳಿದಳು. ಆಕೆಯನ್ನು ಉಳಿಸಿದ್ದು ಅಪರೂಪದ ಔಷಧಿಯಲ್ಲ. ಸರಿಯಾದ ಜಾಗದ ಮೇಲೆ ಬಿಡದೆ ಒತ್ತಿದ ಒಂದು ಅಂಗೈ.

ಕೊರಳಿನಲ್ಲಿ ಏನೇನಿದೆ ?

ನಮ್ಮ ದೇಹದಲ್ಲಿ ರಕ್ತ ಹರಿಯುವ ನಾಳಗಳು ಮುಖ್ಯವಾಗಿ ಎರಡು ಬಗೆ. ಹೃದಯದಿಂದ ರಕ್ತವನ್ನು ಅಂಗಾಂಗಗಳಿಗೆ ಒಯ್ಯುವ ನಾಳಗಳು ಅಪಧಮನಿಗಳು. ಅಂಗಾಂಗಗಳಿಂದ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳು ಅಭಿಧಮನಿಗಳು. ಅಪಧಮನಿಯ ಗೋಡೆ ದಪ್ಪ. ಅದರಲ್ಲಿ ರಕ್ತದ ಒತ್ತಡ ಹೆಚ್ಚು. ಅಭಿಧಮನಿಯ ಗೋಡೆ ತೆಳು; ಅದರಲ್ಲಿ ಒತ್ತಡ ಕಡಿಮೆ.

ತಲೆ ಮತ್ತು ಮುಖದ ರಕ್ತವನ್ನು ಹೃದಯಕ್ಕೆ ಇಳಿಸುವ ಅಭಿಧಮನಿಗಳು ಕೊರಳಿನ ಎರಡೂ ಪಕ್ಕಗಳಲ್ಲಿವೆ. ಅವುಗಳಲ್ಲಿ ಒಂದು ಚರ್ಮಕ್ಕೆ ಬಹು ಹತ್ತಿರವಾಗಿದೆ. ಊದುಕೊಳವೆಯಿಂದ ಒಲೆ ಊದುವಾಗ ಅಥವಾ ಎತ್ತುಗಳನ್ನು ಗಟ್ಟಿಯಾಗಿ ಕೂಗುವಾಗ ಕೊರಳಿನ ಪಕ್ಕದಲ್ಲಿ ಹಗ್ಗದಂತೆ ಉಬ್ಬಿ ಕಾಣುವ ನಾಳವನ್ನು ನೀವು ನೋಡಿರಬಹುದು. ಅದೇ ಹೊರ ಕಂಠಾಭಿಧಮನಿ. ಚರ್ಮ ಮತ್ತು ಅದರಡಿಯ ತೆಳುವಾದ ಸ್ನಾಯುಪದರ, ಇವೆರಡೇ ಅದಕ್ಕಿರುವ ಹೊದಿಕೆ. ಆದ್ದರಿಂದಲೇ ಕುಡುಗೋಲು, ಮುಳ್ಳುತಂತಿ, ಗಾಜಿನ ಚೂರು ಮೊದಲಾದವು ತಗುಲಿದಾಗ ಇದಕ್ಕೆ ಸುಲಭವಾಗಿ ಪೆಟ್ಟಾಗುತ್ತದೆ.

ಎರಡನೆಯದು ಒಳ ಕಂಠಾಭಿಧಮನಿ. ಇದು ದೊಡ್ಡದು ಮತ್ತು ಆಳದಲ್ಲಿರುವುದು. ಇದರ ಮಗ್ಗುಲಲ್ಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯೂ ಒಂದು ಮುಖ್ಯ ನರವೂ ಒಂದೇ ಹೊದಿಕೆಯೊಳಗೆ ಸಾಗುತ್ತವೆ. ಕೊರಳಿನ ನಡುವೆ ಶ್ವಾಸನಾಳ, ಅದರ ಹಿಂದೆ ಅನ್ನನಾಳ, ಅದಕ್ಕೂ ಹಿಂದೆ ಬೆನ್ನುಮೂಳೆ ಇವೆ. ಒಂದು ಹಿಡಿಯಷ್ಟು ಜಾಗದಲ್ಲಿ ಇಷ್ಟೆಲ್ಲ ಇರುವುದರಿಂದ, ಕೊರಳಿನ ಗಾಯ ಹೊರಗೆ ಎಷ್ಟು ಉದ್ದವಿದೆ ಎನ್ನುವುದಕ್ಕಿಂತ ಒಳಗೆ ಎಷ್ಟು ಆಳವಿದೆ ಎನ್ನುವುದೇ ಮುಖ್ಯವೆಂದು ತಿಳಿಯಬೇಕು.

ಸಣ್ಣ ಗಾಯವೆಂದರೆ ಯಾವುದು ?

ಅಭಿಧಮನಿಯ ಗೋಡೆ ಪೂರ್ತಿಯಾಗಿ ತುಂಡಾಗದೆ ಸ್ವಲ್ಪ ಮಾತ್ರ ಸೀಳಿ, ಒತ್ತಿದಾಗ ರಕ್ತ ನಿಲ್ಲುವಂತಿದ್ದರೆ ಅದನ್ನು ವೈದ್ಯರು ಸಣ್ಣ ಗಾಯವೆಂದು ಕರೆಯುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಸಣ್ಣದು’ ಎಂಬ ತೀರ್ಮಾನ ಪರೀಕ್ಷೆಯ ನಂತರ ವೈದ್ಯರು ಮಾಡತಕ್ಕದ್ದು. ಪರೀಕ್ಷೆಗೆ ಮೊದಲು ಮನೆಯವರು ಮಾಡತಕ್ಕದ್ದಲ್ಲ. ರಕ್ತ ತಾನಾಗಿ ನಿಂತಿತೆಂದು ಮನೆಯಲ್ಲೇ ಉಳಿದವರಿಗೆ ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಹೆಪ್ಪು ಕಳಚಿ ಮತ್ತೆ ರಕ್ತ ಸುರಿಯಬಹುದು.

ಎರಡು ಅಪಾಯಗಳು

ಮೊದಲನೆಯದು ರಕ್ತಸ್ರಾವ. ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅಪಧಮನಿ ಕತ್ತರಿಸಿದರೆ ಕೆಂಪಗಿನ ರಕ್ತ ನಾಡಿಬಡಿತಕ್ಕೆ ಸರಿಯಾಗಿ ಚಿಮ್ಮುತ್ತದೆ. ಅಭಿಧಮನಿ ಕತ್ತರಿಸಿದರೆ ಕಪ್ಪು ಮಿಶ್ರಿತ ಕೆಂಪು ರಕ್ತ ಚಿಮ್ಮದೆ ಒಂದೇ ಸಮನೆ ಹರಿಯುತ್ತದೆ. ಹರಿಯುವ ರಕ್ತವನ್ನು ಕಂಡು ಉದಾಸೀನ ಮಾಡಬಾರದು. ತೂಬು ಸಣ್ಣದಾದರೂ ಮುಚ್ಚದೆ ಬಿಟ್ಟರೆ ಕೆರೆ ಬರಿದಾಗುತ್ತದೆ.

ರಕ್ತಹೀನತೆ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇತರರು ತಾಳಿಕೊಳ್ಳಬಲ್ಲಷ್ಟು ರಕ್ತನಷ್ಟವನ್ನು ಅಂತಹ ತಾಯಿ ತಾಳಿಕೊಳ್ಳಲಾರಳು.

ಎರಡನೆಯ ಅಪಾಯ ಬಹಳ ಜನರಿಗೆ ತಿಳಿಯದು. ಅದು ತೆರೆದ ಅಭಿಧಮನಿಯ ಮೂಲಕ ಗಾಳಿ ಒಳಸೇರುವುದು. ನಾವು ನೆಟ್ಟಗೆ ಕುಳಿತಾಗ ಅಥವಾ ನಿಂತಾಗ ಕೊರಳು ಹೃದಯಕ್ಕಿಂತ ಮೇಲಿರುತ್ತದೆ. ಅಲ್ಲಿನ ಅಭಿಧಮನಿಗಳಲ್ಲಿ ಒತ್ತಡ ಬಹಳ ಕಡಿಮೆಯಾಗುತ್ತದೆ. ಉಸಿರನ್ನು ಒಳಗೆಳೆದಾಗ ಎದೆಯು ರಕ್ತವನ್ನೂ ತನ್ನೆಡೆಗೆ ಸೆಳೆಯುತ್ತದೆ. ಆಗ ನಾಳ ತೆರೆದಿದ್ದರೆ ರಕ್ತದೊಂದಿಗೆ ಹೊರಗಿನ ಗಾಳಿಯೂ ಒಳನುಗ್ಗಬಹುದು. ಆ ಗಾಳಿ ಹೃದಯದ ಬಲಭಾಗವನ್ನೂ ಶ್ವಾಸಕೋಶಗಳ ರಕ್ತನಾಳಗಳನ್ನೂ ಸೇರಿ ರಕ್ತದ ಹರಿವನ್ನು ತಡೆಯುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಮಲಗಿಸಿ ಗಾಯವನ್ನು ಗಾಳಿಯಾಡದಂತೆ ಮುಚ್ಚುವುದೇ ಇದಕ್ಕೆ ತಡೆ. ಗಾಯಾಳುವನ್ನು ಕೂರಿಸಬೇಡಿ, ಮೋಟಾರ್ ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಒಯ್ಯಬೇಡಿ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಆಸ್ಪತ್ರೆ ತಲುಪುವವರೆಗೆ ನೀವು ಮಾಡಬೇಕಾದುದು

1. ಗಾಯಾಳುವನ್ನು ಕೂಡಲೇ ಚಪ್ಪಟೆಯಾಗಿ ಮಲಗಿಸಿ. ತಲೆಯ ಕೆಳಗೆ ದಿಂಬು ಬೇಡ. ಬಾಯಲ್ಲಿ ರಕ್ತ ಅಥವಾ ವಾಂತಿ ಬರುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ತಿಂಗಳು ದಾಟಿದ ಗರ್ಭಿಣಿಯಾದರೆ ಬೆನ್ನಿನ ಬಲಭಾಗಕ್ಕೆ ಮಡಿಸಿದ ಬಟ್ಟೆಯನ್ನು ಕೊಟ್ಟು ಎಡಕ್ಕೆ ವಾಲಿಸಿ ಮಲಗಿಸಿ.

2. ಒಗೆದ ಶುಭ್ರವಾದ ಬಟ್ಟೆಯನ್ನು ದಪ್ಪವಾಗಿ ಮಡಿಸಿ, ಗಾಯದ ಮೇಲಿಟ್ಟು, ಅಂಗೈ ಅಥವಾ ಬೆರಳುಗಳಿಂದ ಗಟ್ಟಿಯಾಗಿ ಒತ್ತಿ. ಶುಚಿಯಾದ ಪ್ಲಾಸ್ಟಿಕ್ ಹಾಳೆ ಕೈಗೆ ಸಿಕ್ಕಿದರೆ ಅದನ್ನು ಗಾಯದ ಮೇಲಿಟ್ಟು ಅದರ ಮೇಲೆ ಬಟ್ಟೆಯಿಟ್ಟು ಒತ್ತುವುದು ಇನ್ನೂ ಉತ್ತಮ. ಅದರಿಂದ ಗಾಳಿ ಒಳಹೋಗದು.

3. ರಕ್ತ ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ಬಟ್ಟೆ ತೊಯ್ದರೆ ಅದರ ಮೇಲೆಯೇ ಮತ್ತೊಂದು ಬಟ್ಟೆಯಿಟ್ಟು ಒತ್ತಿ. ವೈದ್ಯರ ಕೈಗೆ ಒಪ್ಪಿಸುವವರೆಗೆ ಒತ್ತುತ್ತಲೇ ಇರಿ. ಕೈ ಸೋತರೆ ಇನ್ನೊಬ್ಬರು ತಮ್ಮ ಕೈಯನ್ನು ಮೊದಲು ಇಟ್ಟ ಮೇಲೆಯೇ ನಿಮ್ಮ ಕೈಯನ್ನು ತೆಗೆಯಿರಿ.

4. ಗಾಯವಿರುವ ಪಕ್ಕವನ್ನು ಮಾತ್ರ ಒತ್ತಿ. ಎರಡೂ ಪಕ್ಕಗಳನ್ನು ಒಟ್ಟಿಗೆ ಒತ್ತಿದರೆ ಮಿದುಳಿಗೆ ಹೋಗುವ ರಕ್ತ ನಿಂತುಹೋಗಬಹುದು. ಶ್ವಾಸನಾಳದ ಮೇಲೆ ಒತ್ತಡ ಬೀಳಬಾರದು.

5. ಕೊರಳಿನ ಸುತ್ತ ಬಟ್ಟೆಯನ್ನಾಗಲಿ ದಾರವನ್ನಾಗಲಿ ಕಟ್ಟಕೂಡದು. ಅದು ಉರುಳಿನಂತೆ ಉಸಿರನ್ನು ತಡೆಯುತ್ತದೆ. ಕಟ್ಟಲೇಬೇಕಾದರೆ ಪಟ್ಟಿಯನ್ನು ಗಾಯದ ಮೇಲಿನಿಂದ ತಂದು ಎದುರು ಬದಿಯ ಕಂಕುಳಿನ ಕೆಳಗೆ ಹಾಯಿಸಿ ಕಟ್ಟಬೇಕು.

6. ಕಾಫಿಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು, ಸಗಣಿ, ಸೀಮೆಎಣ್ಣೆ ಇವಾವುದನ್ನೂ ಗಾಯಕ್ಕೆ ಹಾಕಬೇಡಿ. ಇವು ಗಾಯವನ್ನು ಕೊಳೆಯಿಸುತ್ತವೆ. ವೈದ್ಯರು ಗಾಯದ ತಳವನ್ನು ನೋಡದಂತೆ ಮಾಡುತ್ತವೆ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ.

7. ಗಾಜು, ಕಡ್ಡಿ, ಕಬ್ಬಿಣದ ತುಂಡು ನೆಟ್ಟುಕೊಂಡಿದ್ದರೆ ಕೀಳಬೇಡಿ. ಅದೇ ನಾಳದ ಬಾಯಿಗೆ ಬಿರಡೆಯಂತಿರಬಹುದು. ಅದರ ಸುತ್ತ ಬಟ್ಟೆಯನ್ನು ಒತ್ತಾಗಿಟ್ಟು ಅಲುಗದಂತೆ ತನ್ನಿ.

8. ಮರದಿಂದ ಬಿದ್ದು ಅಥವಾ ಎತ್ತು ಗುಮ್ಮಿ ಗಾಯವಾಗಿದ್ದರೆ ಕೊರಳಿನ ಮೂಳೆಗೂ ಪೆಟ್ಟಾಗಿರಬಹುದು. ತಲೆಯನ್ನು ಅತ್ತಿತ್ತ ತಿರುಗಿಸದೆ ನೇರವಾಗಿ ಹಿಡಿಯಿರಿ.

9. ಕುಡಿಯಲು ನೀರು, ಕಾಫಿ, ಸೋಡಾ ಏನನ್ನೂ ಕೊಡಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು.

10. ಒಬ್ಬರು ಒತ್ತುತ್ತಿರುವಾಗ ಇನ್ನೊಬ್ಬರು 108ಕ್ಕೆ ದೂರವಾಣಿ ಮಾಡಬೇಕು. ಈ ಉಚಿತ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ನಡೆಯುತ್ತಿದೆ.

ವೈದ್ಯರು ಹೇಗೆ ಗುರುತಿಸುತ್ತಾರೆ ?

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ನೋಡುವುದು ಗಾಯವನ್ನಲ್ಲ, ಉಸಿರನ್ನು. ಉಸಿರಾಟ ಸರಾಗವೇ, ಮಾತು ಸ್ಪಷ್ಟವೇ, ನಾಡಿ ಎಷ್ಟು, ರಕ್ತದೊತ್ತಡ ಎಷ್ಟು ಎಂಬುದನ್ನು ಪರೀಕ್ಷಿಸಿ, ಅನಂತರ ಗಾಯಕ್ಕೆ ಬರುತ್ತಾರೆ.

ಚರ್ಮದಡಿಯ ತೆಳು ಸ್ನಾಯುಪದರ ಸೀಳಿದೆಯೇ ಇಲ್ಲವೇ ಎಂಬುದು ಮುಂದಿನ ಪ್ರಶ್ನೆ. ಅದು ಸೀಳದಿದ್ದರೆ ಗಾಯ ಮೇಲುಮೇಲಿನದು. ತೊಳೆದು ಹೊಲಿಗೆ ಹಾಕಿದರೆ ಸಾಕು. ಅದು ಸೀಳಿದ್ದರೆ ರಕ್ತ ನಿಂತಿದ್ದರೂ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕಳುಹಿಸುವುದು ನಿಯಮ. ಗಾಯದೊಳಗೆ ಕಡ್ಡಿಯಿಂದಲೋ ಬೆರಳಿನಿಂದಲೋ ಕೆದಕಿ ಆಳ ನೋಡುವಂತಿಲ್ಲ. ಕೂತ ಹೆಪ್ಪು ಕಳಚಿ ರಕ್ತ ಮತ್ತೆ ಉಕ್ಕಬಹುದು. ‘ಡಾಕ್ಟರು ಗಾಯವನ್ನು ಬಿಡಿಸಿ ನೋಡಲೇ ಇಲ್ಲ, ಬರೆದು ಕಳುಹಿಸಿಬಿಟ್ಟರು’ ಎಂದು ಕೆಲವರು ಬೇಸರಪಡುವುದುಂಟು. ಹಾಗೆ ಬಿಡಿಸದಿರುವುದು ಉದಾಸೀನವಲ್ಲ, ಎಚ್ಚರಿಕೆ.

ಗಾಯವಿರುವ ಎತ್ತರವನ್ನೂ ಗುರುತು ಮಾಡಿಕೊಳ್ಳುತ್ತಾರೆ. ಕೊರಳನ್ನು ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ಕೊರಳೆಲುಬಿನಿಂದ ಗಂಟಲಮಣಿಯ ಕೆಳಗಿನ ಮೃದ್ವಸ್ಥಿಯವರೆಗೆ ಮೊದಲನೆಯದು. ಅಲ್ಲಿಂದ ದವಡೆಯ ಮೂಲೆಯವರೆಗೆ ಎರಡನೆಯದು. ಅದಕ್ಕೂ ಮೇಲೆ ತಲೆಬುರುಡೆಯ ತಳದವರೆಗೆ ಮೂರನೆಯದು. ನಡುವಲಯದ ನಾಳಗಳು ಒತ್ತುವುದಕ್ಕೂ ಶಸ್ತ್ರಚಿಕಿತ್ಸೆಗೂ ಸುಲಭವಾಗಿ ಸಿಗುತ್ತವೆ. ಮೇಲಿನ ಮತ್ತು ಕೆಳಗಿನ ವಲಯಗಳಲ್ಲಿ ಅಷ್ಟು ಸುಲಭವಲ್ಲ.

ಗಾಯವು ಸಣ್ಣದಲ್ಲವೆಂದು ಸಾರುವ ಲಕ್ಷಣಗಳು ಇವು : ಒತ್ತಿದರೂ ನಿಲ್ಲದ ರಕ್ತ, ನೋಡನೋಡುತ್ತಿದ್ದಂತೆ ಹಿಗ್ಗುವ ಬಾವು, ಗಾಯದಿಂದ ಗಾಳಿಗುಳ್ಳೆ ಬರುವುದು, ಧ್ವನಿ ಬದಲಾಗುವುದು, ನುಂಗಲು ಕಷ್ಟವಾಗುವುದು, ಕೈಕಾಲು ಒಂದು ಕಡೆ ಸೋಲುವುದು, ಮೈ ತಣ್ಣಗಾಗಿ ನಾಡಿ ಕ್ಷೀಣಿಸುವುದು. ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯುತ್ತದೆ. ಇವಾವುವೂ ಇಲ್ಲದಿದ್ದರೆ ಎಕ್ಸ್-ರೇ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್, ಅಗತ್ಯವಿದ್ದಲ್ಲಿ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಇವುಗಳಿಂದ ನಾಳದ ಸ್ಥಿತಿಯನ್ನು ತಿಳಿಯುತ್ತಾರೆ. ಗರ್ಭಿಣಿಯಾಗಿದ್ದರೆ, ಮುಟ್ಟು ನಿಂತಿದ್ದರೆ, ಈ ಪರೀಕ್ಷೆಗಳಿಗೆ ಮೊದಲೇ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಬೇಕು.

ಚಿಕಿತ್ಸೆ

ಹೊರ ಕಂಠಾಭಿಧಮನಿಯ ಸಣ್ಣ ಸೀಳು ಅನೇಕ ವೇಳೆ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿದರೆ ರಕ್ತ ಸುರಿಸುವುದನ್ನು ನಿಲ್ಲಿಸುತ್ತದೆ. ನಿಲ್ಲದಿದ್ದರೆ ಶಸ್ತ್ರವೈದ್ಯರು ಆ ನಾಳವನ್ನು ಹೊಲಿಯುತ್ತಾರೆ, ಅಥವಾ ಎರಡೂ ತುದಿಗಳನ್ನು ದಾರದಿಂದ ಕಟ್ಟಿಬಿಡುತ್ತಾರೆ. ‘ನರ ಕಟ್ಟಿದರು’ ಎಂದು ಜನ ಹೇಳುವುದು ಇದನ್ನೇ. ಇದು ನರವಲ್ಲ, ರಕ್ತನಾಳ. ನಾಳವನ್ನು ಕಟ್ಟಿದರೆ ತಲೆಯ ರಕ್ತ ಇಳಿಯುವುದೆಂತು ಎಂದು ಆತಂಕಪಡಬೇಕಾಗಿಲ್ಲ. ಒಂದು ಕಾಲುವೆ ಮುಚ್ಚಿದರೆ ನೀರು ಬೇರೆ ಕಾಲುವೆಗಳಲ್ಲಿ ಹರಿಯುವಂತೆ ರಕ್ತವು ಇತರ ಅಭಿಧಮನಿಗಳ ಮೂಲಕ ಇಳಿಯುತ್ತದೆ. ದುಡಿಮೆಗಾಗಲಿ, ದಾಂಪತ್ಯಜೀವನಕ್ಕಾಗಲಿ, ಮಕ್ಕಳಾಗುವುದಕ್ಕಾಗಲಿ ಇದರಿಂದ ಯಾವ ಬಾಧಕವೂ ಇಲ್ಲ. ಒಳ ಕಂಠಾಭಿಧಮನಿಗೆ ಪೆಟ್ಟಾಗಿದ್ದರೆ ಸಾಧ್ಯವಾದಷ್ಟೂ ಅದನ್ನು ಹೊಲಿದು ಉಳಿಸಿಕೊಳ್ಳುತ್ತಾರೆ.

ಗಾಯದ ಎದುರು ಬದಿಯ ಕೈಗೆ ಸೂಜಿ ಹಾಕಿ ಲವಣದ ದ್ರಾವಣ ಕೊಡುತ್ತಾರೆ. ರಕ್ತ ಬಹಳ ಹೋಗಿದ್ದರೆ ರಕ್ತ ಕೊಡುತ್ತಾರೆ. ಆಗ ಬಂಧುಗಳು ರಕ್ತದಾನಕ್ಕೆ ಹಿಂಜರಿಯಬಾರದು. ಧನುರ್ವಾಯುವಿನ ವಿರುದ್ಧ ಚುಚ್ಚುಮದ್ದನ್ನು ಹಾಕಿಸಿಕೊಳ್ಳಲೇಬೇಕು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅದು ಸುರಕ್ಷಿತ.

ಸಣ್ಣ ಗಾಯವಾದರೂ ಒಂದು ದಿನವಾದರೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವುದು ವಾಡಿಕೆ. ಹಟ್ಟಿಯಲ್ಲಿ ದನಕರು ಕಾಯುತ್ತಿವೆ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಅವಸರಪಟ್ಟು ಹೊರಡಬೇಡಿ. ಹೊಲಿಗೆಗಳನ್ನು ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ತೆಗೆಯುತ್ತಾರೆ. ಅಲ್ಲಿಯವರೆಗೆ, ಹಾಗೂ ವೈದ್ಯರು ಹೇಳುವಷ್ಟು ದಿನ, ನೀರಿನ ಕೊಡ, ಸೌದೆ, ಹುಲ್ಲಿನ ಹೊರೆ ಯಾವುದನ್ನೂ ಹೊರಬಾರದು. ಗಾಯಾಳು ಪತ್ನಿಯಾಗಿದ್ದರೆ ನೀರು ತರುವ ಕೆಲಸ ಪತಿಯದು. ಇದರಲ್ಲಿ ನಾಚಿಕೆಗೆ ಎಡೆಯಿಲ್ಲ.

ಮನೆಗೆ ಬಂದ ಮೇಲೆ ಕೊರಳು ಬಾವಾದರೆ, ರಕ್ತ ಅಥವಾ ಕೀವು ಬಂದರೆ, ಜ್ವರ ಕಾಣಿಸಿದರೆ, ಧ್ವನಿ ಒಡೆದರೆ, ನುಂಗುವಾಗ ನೋವಾದರೆ, ಉಸಿರು ಕಟ್ಟಿದಂತಾದರೆ, ಹಗಲು ರಾತ್ರಿ ಎನ್ನದೆ ಆಸ್ಪತ್ರೆಗೆ ಹಿಂದಿರುಗಿ.

ಚೀಟಿಯಲ್ಲಿ ಬರೆದ ಅಕ್ಷರ ಮತ್ತು ಅಂಕಿ

ಮೇಲೆ ಹೇಳಿದ ತಾಯಿಯ ಗಂಡ ಹೊಲಿಗೆ ತೆಗೆಸಲು ಅವಳನ್ನು ಕರೆತಂದಾಗ ಬಿಡುಗಡೆ ಚೀಟಿಯನ್ನು ನನ್ನ ಮುಂದಿಟ್ಟು, “ಡಾಕ್ಟ್ರೇ, ಇಲ್ಲಿ ಎಸ್ 15.2 ಅಂತ ಬರ್ದವ್ರೆ. ಇದು ಪೊಲೀಸ್ ಕೇಸಿನ ನಂಬರಾ ?” ಎಂದು ಕೇಳಿದನು. ಅವನ ಮುಖದಲ್ಲಿ ಭಯವಿತ್ತು. ಇಂತಹ ಭಯ ಅನೇಕರಿಗೆ ಇರಬಹುದಾದುದರಿಂದ ವಿವರಿಸುವುದು ಉಚಿತ.

ಅದು ಪೊಲೀಸ್ ಸಂಖ್ಯೆಯಲ್ಲ, ರೋಗದ ಸಂಕೇತ. ಒಂದೇ ಗಾಯವನ್ನು ಒಬ್ಬ ವೈದ್ಯರು ಒಂದು ಹೆಸರಿನಿಂದಲೂ ಇನ್ನೊಬ್ಬರು ಬೇರೊಂದು ಹೆಸರಿನಿಂದಲೂ ಕರೆದರೆ ಲೆಕ್ಕ ಕೂಡದು. ಆದ್ದರಿಂದ ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಅಂತರರಾಷ್ಟ್ರೀಯ ರೋಗ ವರ್ಗೀಕರಣ ಎಂಬ ಪಟ್ಟಿಯನ್ನು ಮಾಡಲಾಗಿದೆ. 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯಾಗಿ ಆರಂಭವಾದ ಇದನ್ನು 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ನೋಡಿಕೊಳ್ಳುತ್ತಿದೆ. ಇದರ ಹತ್ತನೆಯ ಪರಿಷ್ಕರಣದಲ್ಲಿ ‘ಎಸ್ 15’ ಎಂದರೆ ಕೊರಳಿನ ರಕ್ತನಾಳಗಳ ಗಾಯ. ‘ಎಸ್ 15.2’ ಹೊರ ಕಂಠಾಭಿಧಮನಿ, ‘ಎಸ್ 15.3’ ಒಳ ಕಂಠಾಭಿಧಮನಿ. ನಾಳಕ್ಕೆ ಏನೂ ಆಗದೆ ಕೊರಳಿನ ಚರ್ಮ ಮಾತ್ರ ತರಚಿದ್ದರೆ ‘ಎಸ್ 10’. ತೆರೆದ ಗಾಯವಾಗಿದ್ದರೆ ‘ಎಸ್ 11’. ಹನ್ನೊಂದನೆಯ ಪರಿಷ್ಕರಣ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಸಂಕೇತಗಳು ಬೇರೆಯಾಗಿವೆ.

ಗಾಯ ಸಣ್ಣದೋ ದೊಡ್ಡದೋ ಎಂಬುದನ್ನು ಈ ನಾಲ್ಕು ಸ್ಥಾನದ ಸಂಕೇತ ಹೇಳುವುದಿಲ್ಲ. ಅಮೆರಿಕ ದೇಶದಲ್ಲಿ ಬಳಸುವ ವಿಸ್ತೃತ ಪಟ್ಟಿಯಲ್ಲಿ ಸಣ್ಣ ಸೀಳು, ದೊಡ್ಡ ಸೀಳು, ಎಡ, ಬಲ, ಮೊದಲ ಚಿಕಿತ್ಸೆ, ಮರುಭೇಟಿ ಇವೆಲ್ಲಕ್ಕೂ ಬೇರೆ ಬೇರೆ ಅಂಕಿ ಅಕ್ಷರಗಳಿವೆ. ನಮ್ಮಲ್ಲಿ ಈ ವಿವರಗಳನ್ನು ವೈದ್ಯರು ಮಾತಿನಲ್ಲಿಯೇ ಬರೆಯಬೇಕು. ಆದುದರಿಂದ ಚೀಟಿಯಲ್ಲಿ ಸಂಕೇತದ ಜೊತೆಗೆ ಯಾವ ಪಕ್ಕ, ಎಷ್ಟು ಉದ್ದ, ನಾಳವನ್ನು ಹೊಲಿದರೋ ಕಟ್ಟಿದರೋ ಎಂಬ ಬರಹವೂ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮುಂದೆಂದಾದರೂ ಬೇರೆ ಆಸ್ಪತ್ರೆಯಲ್ಲಿ ಕೊರಳಿನ ನಾಳಕ್ಕೆ ಸೂಜಿ ಹಾಕಬೇಕಾದಾಗ ಆ ಬರಹ ನಿಮಗೆ ರಕ್ಷಣೆ. ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆದಾಗ ಬರೆಯುವ ಸಂಕೇತ ಬೇರೆ. ಅದು ಚಿಕಿತ್ಸೆಯನ್ನು ಸೂಚಿಸುವುದು, ರೋಗವನ್ನಲ್ಲ.

ಗಾಯ ಹೇಗಾಯಿತೆಂದು ನಿಜವನ್ನೇ ಹೇಳಿ

ಗಾಯದ ಸಂಕೇತದೊಂದಿಗೆ ಗಾಯದ ಕಾರಣಕ್ಕೂ ಒಂದು ಸಂಕೇತವಿದೆ. ಕೈಯಿಂದ ಬಳಸುವ ಉಪಕರಣ ತಗುಲಿದರೆ ‘ಡಬ್ಲ್ಯು 27’, ಗಾಜು ತಗುಲಿದರೆ ‘ಡಬ್ಲ್ಯು 25’, ಕೃಷಿ ಯಂತ್ರದಿಂದಾದರೆ ‘ಡಬ್ಲ್ಯು 30’. ಸ್ಥಳ ಹೊಲವಾಗಿದ್ದರೆ ಕೊನೆಯಲ್ಲಿ 7 ಎಂದು ಸೇರುತ್ತದೆ, ಮನೆಯಾಗಿದ್ದರೆ 0 ಎಂದು. ಯಾವ ಕೆಲಸದಲ್ಲಿ, ಯಾವ ಉಪಕರಣದಿಂದ ಜನ ಗಾಯಗೊಳ್ಳುತ್ತಿದ್ದಾರೆ ಎಂಬುದು ಇಂತಹ ಲೆಕ್ಕದಿಂದಲೇ ತಿಳಿಯಬೇಕು.

ಆ ದಿನ ನಮ್ಮ ಕೇಂದ್ರದಲ್ಲಿ ಗಂಡ ಹೇಳಿದ್ದು ‘ಮನೆಯಲ್ಲಿ ಕನ್ನಡಿ ಒಡೆದು ಚೂರು ತಗುಲಿತು’ ಎಂದು. ಗಾಜೆಂದ ಮೇಲೆ ಚೂರು ಒಳಗುಳಿದಿರಬಹುದೆಂದು ನಾವು ಯೋಚಿಸಬೇಕಾಯಿತು. ಆದರೆ ಅವಳ ತಲೆಗೂದಲಲ್ಲಿ ಹುಲ್ಲಿನ ಎಸಳುಗಳಿದ್ದವು. ಗಾಯಗೊಂಡ ಹೆಣ್ಣುಮಗಳನ್ನು ಒಬ್ಬಳನ್ನೇ ಮಾತನಾಡಿಸುವುದು ನಮ್ಮ ಕ್ರಮ. ಎಲ್ಲರನ್ನೂ ಹೊರಗೆ ಕಳುಹಿಸಿ ಕೇಳಿದೆನು. ಅವಳು ಮೆಲ್ಲಗೆ, “ಕುಡುಗೋಲೇ ಸ್ವಾಮಿ, ಹೊರೆ ಜಾರ್ತು. ಕುಡುಗೋಲು ಅಂದ್ರೆ ಕೇಸಾಯ್ತದೆ ಅಂತ ಯಾರೋ ಅವ್ರನ್ನ ಹೆದರಿಸವ್ರೆ” ಎಂದಳು. ಸುಳ್ಳಿನಲ್ಲಿ ದುರುದ್ದೇಶವಿರಲಿಲ್ಲ. ಆದರೂ ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿ ತಪ್ಪುವುದರಲ್ಲಿತ್ತು. ನಿರಪರಾಧಿ ಗಂಡನ ಮೇಲೆ ಸಂದೇಹವೂ ಬರುವುದರಲ್ಲಿತ್ತು.

ಮೊದಲು ಜೀವ, ನಂತರ ಕಾಗದ. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳಲ್ಲಿಯೂ ಚಿಕಿತ್ಸೆಯನ್ನು ತಡಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ. ತುರ್ತು ಸಮಯದಲ್ಲಿ ಗಾಯಾಳುವಿಗೆ ನೆರವಾಗುವವರ ರಕ್ಷಣೆಗಾಗಿ ನಮ್ಮ ರಾಜ್ಯದಲ್ಲಿ 2016ರ ಕಾಯಿದೆಯೂ ಇದೆ. ಆಕಸ್ಮಿಕವಾದುದನ್ನು ಆಕಸ್ಮಿಕವೆಂದೇ ಹೇಳಿ.

ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಗಾಯಗಳೂ ಆಕಸ್ಮಿಕವಲ್ಲ. ಸಿಟ್ಟಿನಲ್ಲಿ ಎತ್ತಿದ ಕೈಯಿಂದ ಗಾಯವಾಗಿದ್ದರೆ ಅದಕ್ಕೆ ಸಂಕೇತವೇ ಬೇರೆ, ದಾರಿಯೂ ಬೇರೆ. ಸೋದರಿಯರೇ, ಅಂತಹ ಗಾಯವನ್ನು ‘ಬಿದ್ದೆ’ ಎಂದು ಮುಚ್ಚಿಡಬೇಡಿ. ವೈದ್ಯರು ಒಬ್ಬರೇ ಇದ್ದಾಗ ಹೇಳಿ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ ನಿಮ್ಮ ಬೆನ್ನಿಗಿದೆ. 181 ಮಹಿಳಾ ಸಹಾಯವಾಣಿ ಇದೆ. ಬದುಕುವ ಮನಸ್ಸಿಲ್ಲದೆ ತಮಗೆ ತಾವೇ ಗಾಯ ಮಾಡಿಕೊಂಡವರನ್ನು ಹಂಗಿಸಬಾರದು. ವೈದ್ಯರಿಗೆ ನಿಜ ತಿಳಿಸಿದರೆ ಮನಸ್ಸಿಗೂ ಚಿಕಿತ್ಸೆ ದೊರೆಯುತ್ತದೆ. 14416 ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಮಾತನಾಡಬಹುದು.

ಬಾರದಂತೆ ತಡೆಯುವುದು

ಕುಡುಗೋಲನ್ನು ಹೊರೆಯೊಳಗೆ ಸಿಕ್ಕಿಸಬೇಡಿ, ಹೆಗಲಿಗೆ ತೂಗುಹಾಕಬೇಡಿ. ಅಲುಗಿಗೆ ಗೋಣಿಯ ತುಂಡನ್ನು ಸುತ್ತಿ ಕೈಯಲ್ಲಿ ಹಿಡಿಯಿರಿ. ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರಗಳ ಬಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಟವೆಲನ್ನು ಕೊರಳಿನಿಂದ ತೆಗೆದಿಡಿ. ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕೂರುವಾಗ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳಿ. ಹೊಲದ ಮುಳ್ಳುತಂತಿಗೆ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟಿದರೆ ಮುಸ್ಸಂಜೆಯಲ್ಲಿಯೂ ಕಾಣುತ್ತದೆ. ಹಾಯುವ ಎತ್ತಿನ ಕೊಂಬಿನ ತುದಿಗೆ ಅಣಸು ಹಾಕಿಸಿ. ಗಾಳಿಪಟದ ಗಾಜು ಲೇಪಿತ ಹಾಗೂ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದೆ. ರಸ್ತೆಗೆ ಅಡ್ಡ ಬಿದ್ದ ಆ ದಾರ ವಾಹನ ಸವಾರರ ಕೊರಳನ್ನೇ ಕತ್ತರಿಸುತ್ತದೆ. ಮಕ್ಕಳಿಗೆ ಹತ್ತಿಯ ದಾರವನ್ನೇ ಕೊಡಿಸಿ. ಮನೆಯ ಹೆಂಗಸರು ಕಬ್ಬಿಣಾಂಶದ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ತಪ್ಪದೆ ನುಂಗಲಿ.

ನೆನಪಿಡಿ

ಮಲಗಿಸಿ. ಒತ್ತಿ. ಬಿಡಬೇಡಿ.
ಕೊರಳಿನ ಸುತ್ತ ಕಟ್ಟಬೇಡಿ.
ಪುಡಿ, ಸೊಪ್ಪು, ಸಗಣಿ ಹಾಕಬೇಡಿ.
108ಕ್ಕೆ ಕರೆ ಮಾಡಿ.
ವೈದ್ಯರಿಗೆ ನಿಜವನ್ನೇ ಹೇಳಿ, ಚೀಟಿಯನ್ನು ಜೋಪಾನವಾಗಿಡಿ.

ಈ ಐದು ಸಾಲುಗಳನ್ನು ದಂಪತಿಗಳಿಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ಮನೆಯ ಹಿರಿಯರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಹೇಳಿಕೊಡಿ. ಇಂದು ರಾತ್ರಿ ಊಟವಾದ ಮೇಲೆ ಮಡಿಸಿದ ಬಟ್ಟೆಯೊಂದನ್ನು ಹಿಡಿದು, ಎಲ್ಲಿ ಒತ್ತಬೇಕು, ಹೇಗೆ ಮಲಗಿಸಬೇಕು ಎಂಬುದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ಅಗತ್ಯ ಬಾರದಿರಲಿ ಎಂಬುದೇ ನಮ್ಮ ಹಾರೈಕೆ. ಬಂದಾಗ ನಿಮ್ಮ ಕೈಗೆ ಕೆಲಸ ತಿಳಿದಿರಲಿ.